ಅರ್ಧ ಗಂಟೆ ಓಡಿ ನಿಂತುಬಿಡುವ ಯಾನ್ಮಾರ್ ಇಂಜಿನ್: ಎಲ್ಲಿಂದ ಹುಡುಕಲಿ?

ಅನಾಪೊಲಿಸ್_ಹಾಯಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಅನಾಪೊಲಿಸ್ ಹತ್ತಿರ. ಎರಡು ವರ್ಷದ ಹಿಂದೆ 1987ರ ಒಂದು ಹಳೇ ಹಾಯಿದೋಣಿ ಕೊಂಡೆ, 30 ಅಡಿಯದು. ಒಳಗಿರುವುದು ಯಾನ್ಮಾರ್ 2ಜಿಎಂ20ಎಫ್ ಡೀಸೆಲ್ ಇಂಜಿನ್. ಎರಡು ಸಿಲಿಂಡರ್, 18 ಎಚ್‌ಪಿ.

ತೊಂದರೆ ಏನೆಂದರೆ, ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆಗುತ್ತದೆ. ಡಾಕಿನಲ್ಲಿ ಕಟ್ಟಿಹಾಕಿ ಐಡ್ಲಿಂಗ್‌ನಲ್ಲಿ ಎಷ್ಟು ಹೊತ್ತು ಬಿಟ್ಟರೂ ಏನೂ ಆಗುವುದಿಲ್ಲ. ಆದರೆ ಹೊರಗೆ ಹೋಗಿ 2,800 ಆರ್‌ಪಿಎಂನಲ್ಲಿ ಅರ್ಧ ಗಂಟೆ ಓಡಿಸಿದರೆ ಸದ್ದು ಏರಿಳಿಯಲು ಶುರುವಾಗುತ್ತದೆ, ಆಮೇಲೆ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಹೊಡೆದರೆ ಏನೂ ಆಗಿಲ್ಲದ ಹಾಗೆ ಮತ್ತೆ ಸ್ಟಾರ್ಟ್! ಅಲೆ ಜಾಸ್ತಿ ಇದ್ದ ದಿನ ಇನ್ನೂ ಬೇಗ ನಿಲ್ಲುತ್ತದೆ. ಬಿಸಿಯ ಅಲಾರಂ ಒಮ್ಮೆಯೂ ಕೂಗಿಲ್ಲ.

ಹೋದ ಶನಿವಾರ ಇಲ್ಲಿಯ ಚೆಸಪೀಕ್ ಕೊಲ್ಲಿಯ ಮೇಲಿನ ದೊಡ್ಡ ಸೇತುವೆ ಬೇ ಬ್ರಿಜ್ ಹತ್ತಿರ ಹೀಗೇ ಆಯಿತು. ಬಾಲ್ಟಿಮೋರ್‌ಗೆ ಹೋಗುವ ದೊಡ್ಡ ಕಂಟೇನರ್ ಹಡಗು ಹಿಂದಿನಿಂದ ಬರುತ್ತಿತ್ತು, ಗಾಳಿ ಹೆಚ್ಚಿರಲಿಲ್ಲ, ಹೆಂಡತಿ ಮಗಳು ಇಬ್ಬರೂ ದೋಣಿಯಲ್ಲಿದ್ದರು. ಮುಂದಿನ ಹಾಯಿ ಬಿಚ್ಚಿ ಹೇಗೋ ಹಡಗಿನ ದಾರಿಯಿಂದ ಪಕ್ಕಕ್ಕೆ ಸರಿದೆವು. ಅವತ್ತಿನಿಂದ ಮಗಳು ದೋಣಿ ಹತ್ತಲು ಹೆದರುತ್ತಿದ್ದಾಳೆ.

ಎರಡೂ ಡೀಸೆಲ್ ಫಿಲ್ಟರ್ ಬದಲಿಸಿದ್ದೇನೆ. ಇಲ್ಲಿಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿ, ಇಂಜೆಕ್ಷನ್ ಪಂಪ್ (ಸಿಲಿಂಡರಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಹೋಗಿದೆ, ಬಿಚ್ಚಿ ರಿಪೇರಿ ಮಾಡಿಸಬೇಕು ಎಂದರು. ಖರ್ಚು ಕೇಳಿ ಎದೆ ಧಸಕ್ ಎಂದಿತು. ನಿಜವಾಗಿ ಪಂಪೇ ಇರಬಹುದಾ?

ಮಲ್ಪೆ_ಬೋಟು

ಪಂಪಿಗೆ ಈಗಲೇ ಕೈ ಹಾಕಬೇಡಿ ಮಾರಾಯ್ರೇ. ಪಂಪ್ ಸವೆದಿದ್ದರೆ ಹತ್ತು ನಿಮಿಷ ಸುಮ್ನೆ ಬಿಟ್ಟ ಮಾತ್ರಕ್ಕೆ ಸರಿ ಆಗುವುದಿಲ್ಲ. ನೀವು ಹೇಳುವುದು ಕೇಳಿದರೆ ಇಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ ಅಷ್ಟೇ. ಟ್ಯಾಂಕಿನ ತಳದ ಕೊಳೆ ಅಲೆಗೆ ಕದಡಿ, ಎಳೆಯುವ ಪೈಪಿನ ಬಾಯಿಗೆ ಹೋಗಿ ಕೂರುತ್ತದೆ. ಇಂಜಿನ್ ನಿಂತ ಮೇಲೆ ಎಳೆತ ಇಲ್ಲವಲ್ಲ, ಕೊಳೆ ಮೆಲ್ಲ ಕೆಳಗೆ ಬೀಳುತ್ತದೆ, ದಾರಿ ಬಿಡುತ್ತದೆ. ಐಡ್ಲಿಂಗ್‌ನಲ್ಲಿ ಡೀಸೆಲ್ ಕಡಿಮೆ ಸಾಕು, ಅದಕ್ಕೇ ಡಾಕಿನಲ್ಲಿ ಗೊತ್ತಾಗುವುದಿಲ್ಲ.

ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಎರಡು ತಿಂಗಳು ಬೋಟು ಸುಮ್ಮನೆ ನಿಂತರೆ ಟ್ಯಾಂಕಿನೊಳಗೆ ನೀರು ಬೆವರಿ ಡೀಸೆಲಿನ ಅಡಿಗೆ ಸೇರುತ್ತದೆ. ಆಗಸ್ಟಿನಲ್ಲಿ ಕಡಲಿಗೆ ಇಳಿದಾಗ ಎಷ್ಟು ಬೋಟುಗಳಿಗೆ ಇದೇ ಕಾಯಿಲೆ ಬರುತ್ತದೆ ಗೊತ್ತುಂಟಾ? ನಿಮ್ಮಲ್ಲಿ ಚಳಿಗಾಲವಿಡೀ ದೋಣಿ ಮೇಲೆ ಎತ್ತಿಡುತ್ತೀರಿ ಅಲ್ವಾ, ಟ್ಯಾಂಕ್ ಅರ್ಧ ಖಾಲಿ ಬಿಟ್ಟಿದ್ದರೆ ಆಗುವುದೂ ಇದೇ.

ಒಂದು ಕೆಲಸ ಮಾಡಿ. ಹತ್ತು ಲೀಟರ್ ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿ, ಅದರಿಂದ ಹೊಸ ಹೋಸ್ ಪೈಪನ್ನು ನೇರವಾಗಿ ಇಂಜಿನ್ ಮೇಲಿನ ಫೀಡ್ ಪಂಪಿಗೆ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್) ಕೊಡಿ. ಉಳಿದ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪ್ ಟ್ಯಾಂಕಿಗೆ ಹೋಗುತ್ತಿದ್ದರೆ ಅದನ್ನೂ ಕ್ಯಾನಿಗೇ ಹಾಕಿ. ದೋಣಿಯನ್ನು ಡಬಲ್ ಹಗ್ಗ ಹಾಕಿ ಕಟ್ಟಿ, ಗೇರಿಗೆ ಹಾಕಿ, ಲೋಡಿನಲ್ಲಿ ಒಂದು ಗಂಟೆ ಓಡಿಸಿ. ನಿಲ್ಲದಿದ್ದರೆ ಇಂಜಿನ್ ಚೆನ್ನಾಗಿಯೇ ಉಂಟು, ತೊಂದರೆ ಟ್ಯಾಂಕಿನ ಕಡೆ. ಹಳೇ ಪೈಪು, ಹಳೇ ಟ್ಯಾಂಕು ಏನನ್ನೂ ಮುಟ್ಟುವ ಮೊದಲು ಇದನ್ನು ಮಾಡಿ.

ಕೊಚ್ಚಿ_ಗ್ಯಾರೇಜ್

ಎಕ್ಸಾಸ್ಟ್ ಮಿಕ್ಸಿಂಗ್ ಎಲ್ಬೋ (ಹೊಗೆಗೆ ಕೂಲಿಂಗ್ ನೀರು ಬೆರೆಯುವ ಬಾಗಿದ ಪೈಪ್) ಕೂಡ ಒಮ್ಮೆ ಬಿಚ್ಚಿ ನೋಡಿ ಸರ್. ಹಳೇ ಯಾನ್ಮಾರ್‌ನಲ್ಲಿ ಒಳಗೆ ಇಂಗಾಲ ಕಟ್ಟಿಕೊಂಡು ದಾರಿ ಬೆರಳು ಹೋಗದಷ್ಟು ಸಣ್ಣದಾಗಿರುತ್ತದೆ. ಆದರೆ ಅದಾದರೆ ಕಪ್ಪು ಹೊಗೆ ಬರುತ್ತದೆ, ಪೂರ್ತಿ ಆರ್‌ಪಿಎಂ ಏರುವುದೇ ಇಲ್ಲ. ನಿಮ್ಮದು ಹಾಗೆ ಕಾಣುತ್ತಿಲ್ಲ, ಮೊದಲು ಕ್ಯಾನ್ ಪರೀಕ್ಷೆಯೇ ಸರಿ.

ಇಂಜಿನ್_ರೂಮ್

ಮಲ್ಪೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹಡಗಿನಲ್ಲಿ ಇಂಜಿನಿಯರ್, ಎರಡು ಮಾತು ಸೇರಿಸುತ್ತೇನೆ.

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಎಳೆತ ಇರುತ್ತದೆ. ಅಲ್ಲಿ ಸಣ್ಣ ತೂತಿದ್ದರೆ, ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಎಲ್ಲೂ ಸೋರುತ್ತಿಲ್ಲ ಎಂದು ನಂಬಿ ಕೂರಬೇಡಿ. ಮಧ್ಯೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ತಾತ್ಕಾಲಿಕವಾಗಿ ಹಾಕಿ ನೋಡಿ, ಗುಳ್ಳೆ ಬಂದರೆ ಗಾಳಿ ಎಳೆಯುತ್ತಿದೆ ಎಂದರ್ಥ. ಫಿಲ್ಟರ್ ಬದಲಿಸುವಾಗ ಬ್ಯಾಂಜೋ ಬೋಲ್ಟಿನ (ಪೈಪ್ ಜೋಡಿಸುವ ತೂತಿನ ಬೋಲ್ಟ್) ತಾಮ್ರದ ವಾಷರ್ ಹಳೆಯದನ್ನೇ ಹಾಕಿದ್ದರೆ ಅಲ್ಲಿಯೂ ನೋಡಿ. ಟ್ಯಾಂಕಿನ ಗಾಳಿಕೊಳವೆ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ. ಮುಂದಿನ ಸಲ ನಿಂತಾಗ ಡೀಸೆಲ್ ತುಂಬುವ ಮುಚ್ಚಳ ತೆಗೆಯಿರಿ, ಉಸ್ ಎಂದು ಗಾಳಿ ಒಳಗೆ ನುಗ್ಗಿದರೆ ಕಾರಣ ಸಿಕ್ಕಿತು.

ಇನ್ನೊಂದು, ಇದು ತುಂಬಾ ಮುಖ್ಯ. ಪೈಪ್ ಬಿಚ್ಚಿದ ಮೇಲೆ ಒಳಗೆ ಸೇರಿದ ಏರ್ ತೆಗೆಯಲು ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಪ್ರತಿ ಸಲ ಹೊಡೆದಾಗಲೂ ಕೂಲಿಂಗ್ ನೀರು ಎಕ್ಸಾಸ್ಟ್ ಡಬ್ಬಿಗೆ ತುಂಬುತ್ತದೆ. ಇಂಜಿನ್ ಸ್ಟಾರ್ಟ್ ಆಗದಿದ್ದರೆ ಅದನ್ನು ಹೊರಗೆ ತಳ್ಳಲು ಹೊಗೆಯ ಒತ್ತಡ ಇರುವುದಿಲ್ಲ, ನೀರು ಹಿಂದಕ್ಕೆ ಏರಿ ಸಿಲಿಂಡರಿಗೇ ಹೋಗಬಹುದು. ಆದಷ್ಟು ಫೀಡ್ ಪಂಪಿನ ಕೈ ಲಿವರಿನಿಂದಲೇ ಏರ್ ತೆಗೆಯಿರಿ. ಲಿವರ್ ಸಡಿಲ ಅನಿಸಿದರೆ ಇಂಜಿನ್ನನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಸೆಲ್ಫ್ ಹೊಡೆಯಲೇಬೇಕಾದರೆ ಸೀಕಾಕ್ (ಹೊರಗಿನ ನೀರು ಒಳಗೆ ಬರುವ ವಾಲ್ವ್) ಮುಚ್ಚಿ ಹೊಡೆಯಿರಿ, ಇಂಜಿನ್ ಹಿಡಿದ ಕ್ಷಣವೇ ತೆರೆಯಿರಿ. ಮರೆತರೆ ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸುಟ್ಟುಹೋಗುತ್ತದೆ.

ಅನಾಪೊಲಿಸ್_ಹಾಯಿ

ಮಲ್ಪೆ ಅಣ್ಣ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿನ್ನೆ ಕ್ಯಾನ್ ಇಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ ಲೋಡಿನಲ್ಲಿ ಓಡಿಸಿದೆ. ಒಮ್ಮೆಯೂ ಸದ್ದು ಏರಿಳಿಯಲಿಲ್ಲ!

ಇವತ್ತು ಬೆಳಗ್ಗೆ ಟ್ಯಾಂಕಿನ ಮೇಲಿಂದ ಎಳೆಯುವ ಪೈಪ್ ಹೊರಗೆ ತೆಗೆದೆ. ತುದಿಯಲ್ಲಿ ಹೆಬ್ಬೆರಳಿನಷ್ಟು ಒಂದು ಸಣ್ಣ ಜಾಲರಿ, ಅದರ ತುಂಬ ಕಪ್ಪು ಲೋಳೆ, ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಫಿಲ್ಟರಿಗಿಂತ ಮುಂಚೆಯೇ ಅಲ್ಲೊಂದು ಜಾಲರಿ ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಇಂಜಿನಿಯರ್ ಸರ್, ನೀವು ಹೇಳಿದ ಗುಳ್ಳೆ ಬರಲಿಲ್ಲ, ಆದರೂ ತಾಮ್ರದ ವಾಷರ್ ಎಲ್ಲ ಹೊಸದು ಹಾಕಿದೆ. ಆ ಜಾಲರಿ ತೆಗೆದುಬಿಡಬಹುದಾ?

ಮಲ್ಪೆ_ಬೋಟು

ತೆಗೆದುಬಿಡಿ. ಮುಂದೆ ಫಿಲ್ಟರ್ ಉಂಟಲ್ಲ, ಕೊಳೆ ಅಲ್ಲಿಗೆ ಬಂದರೆ ಕೈಗೆ ಸಿಗುತ್ತದೆ. ಆದರೆ ಟ್ಯಾಂಕ್ ತೊಳೆಯದೆ ಬಿಡಬೇಡಿ, ಆ ಲೋಳೆ ಇನ್ನೂ ತಳದಲ್ಲಿ ಉಂಟು. ಹಳೇ ಡೀಸೆಲ್ ಪೂರ್ತಿ ಹೊರಗೆ ಎಳೆಸಿ, ಒಳಗೆ ಕೈ ಹಾಕಿ ಒರೆಸಿ. ಎರಡು ಫಿಲ್ಟರ್ ಎಕ್ಸ್‌ಟ್ರಾ ದೋಣಿಯಲ್ಲೇ ಇಟ್ಟುಕೊಳ್ಳಿ. ಮಗಳನ್ನು ಕರೆದುಕೊಂಡು ಹೋಗುವ ಮೊದಲು ನೀವೊಬ್ಬರೇ ಅಲೆ ಇರುವ ದಿನ ನೋಡಿ ಎರಡು ಗಂಟೆ ಓಡಿಸಿ ಬನ್ನಿ.