ಜಿಮ್ನಿಗೆ ಸೂಪರ್‌ಚಾರ್ಜರ್: ಮಲೆನಾಡಿನ ಆಫ್‌ರೋಡಿಂಗ್‌ಗೆ ಹಾಕಿಸಿದರೆ ಲಾಭ ಇದೆಯಾ?

ಬಿಸಿಲೆ ಹಾದಿ:

ಎಲ್ಲರಿಗೂ ನಮಸ್ಕಾರ. ಗಾಡಿ ಮಾರುತಿಯ ಐದು ಬಾಗಿಲಿನ ಜಿಮ್ನಿ, ಮ್ಯಾನುಯಲ್. ಎಂಜಿನ್ 1,462 ಸಿಸಿ ಕೆ15ಬಿ, 105 ಪಿಎಸ್ ಪವರ್, 134 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಕಂಪನಿಯ 195/80 ಆರ್15 ಟೈರ್ ತೆಗೆಸಿ 235/75 ಆರ್15 ಮಡ್ ಟೈರ್ ಹಾಕಿಸಿದೆ. ಮುಂದೆ ಸ್ಟೀಲ್ ಬಂಪರ್, ವಿಂಚ್, ಮೇಲೆ ಕ್ಯಾರಿಯರ್. ಓಡಾಟ ಹೆಚ್ಚಾಗಿ ಸಕಲೇಶಪುರ, ಬಿಸಿಲೆ ಕಡೆಯ ಎಸ್ಟೇಟ್ ದಾರಿಗಳಲ್ಲಿ, ಅದೂ ಮಳೆಗಾಲದಲ್ಲಿ. ಮುಂದೆ ಲಡಾಖ್‌ಗೂ ಹೋಗುವ ಯೋಚನೆ ಇದೆ.

ಟೈರ್ ಬದಲಾದ ಮೇಲೆ ಗಾಡಿ ಎಳೆಯುತ್ತಿಲ್ಲ. ಹೈವೇಯಲ್ಲಿ ಐದನೇ ಗೇರ್ ಇದ್ದೂ ಇಲ್ಲದಂತೆ. ಶಿರಾಡಿ ಏರಿನಲ್ಲಿ ಲಾರಿ ಹಿಂದಿಕ್ಕಬೇಕೆಂದರೆ ಮೂರಕ್ಕೆ ಇಳಿಸಲೇಬೇಕು. ಕೆಸರಿನ ಏರುಗಳಲ್ಲೂ ಇನ್ನಷ್ಟು ದಮ್ ಇದ್ದಿದ್ದರೆ ಅನಿಸುತ್ತದೆ.

ಬೆಲ್ಟಿನಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಕಿಟ್ ಒಂದನ್ನು ನೋಡಿದ್ದೇನೆ, ಸುತ್ತಿಗೆ 500 ಸಿಸಿ ಗಾಳಿ ತಳ್ಳುವ ರೂಟ್ಸ್ ಮಾದರಿಯ ಬ್ಲೋವರ್. 0.4 ಬಾರ್ ಬೂಸ್ಟ್ (ವಾತಾವರಣಕ್ಕಿಂತ ಹೆಚ್ಚಿನ ಒತ್ತಡ), ಆ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಇಲ್ಲ, ಕಂಪನಿಯ ಇಸಿಯು (ಎಂಜಿನ್ ಕಂಪ್ಯೂಟರ್) ಮೇಲೆ ಸಿಗ್ನಲ್ ತಿದ್ದುವ ಪಿಗ್ಗಿಬ್ಯಾಕ್ ಬಾಕ್ಸ್. ಹಾಕಿಸಬಹುದಾ? ಹಾಕಿಸಿದರೆ ಏನೇನು ಕೆಡುತ್ತದೆ?

ಲೋ ರೇಂಜ್:

ಮೊದಲು ಕೆಸರಿನ ಏರಿನ ಲೆಕ್ಕ ನೋಡೋಣ ಸರ್, ಅಲ್ಲೇ ಅರ್ಧ ಉತ್ತರ ಇದೆ.

ನಿಮ್ಮ ಗಾಡಿಯ ಒಂದನೇ ಗೇರ್ 4.425, ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಲೋ ರೇಂಜ್ (ನಿಧಾನದ, ಹೆಚ್ಚು ಬಲದ ಗೇರ್) 2.002, ಆಕ್ಸಲ್ ನಡುವಿನ ಡಿಫರೆನ್ಷಿಯಲ್ 4.090. ಮೂರನ್ನೂ ಗುಣಿಸಿದರೆ 36.2. 1,800 ಆರ್‌ಪಿಎಂನಲ್ಲಿ ಎಂಜಿನ್ 105 ಎನ್‌ಎಂ ಕೊಡುತ್ತದೆ ಎಂದು ಹಿಡಿಯಿರಿ. ಗೇರ್‌ಗಳಲ್ಲಿ 15% ಸೋರಿಹೋಗಲಿ. ಆಗಲೂ ನಾಲ್ಕೂ ಚಕ್ರ ಸೇರಿ ನೆಲವನ್ನು ತಳ್ಳುವ ಬಲ ಸುಮಾರು 940 ಕೆಜಿ. ಬಂಪರ್, ವಿಂಚ್, ಇಬ್ಬರು ಜನ, ಸಾಮಾನು ಎಲ್ಲ ಸೇರಿ ಗಾಡಿಯ ತೂಕ 1,450 ಕೆಜಿ ಇದ್ದೀತು. ನೆನೆದ ಕೆಮ್ಮಣ್ಣಿನಲ್ಲಿ ಟೈರ್ ಹಿಡಿತ ತೂಕದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಂದರೆ 435 ಕೆಜಿ ಬಲ ಮುಟ್ಟುವಷ್ಟರಲ್ಲೇ ಚಕ್ರ ಜಾರುತ್ತದೆ. ಎಂಜಿನ್ ಈಗಲೇ ಅದರ ಎರಡರಷ್ಟು ಕೊಡುತ್ತಿದೆ. ಸೂಪರ್‌ಚಾರ್ಜರ್ ಹಾಕಿಸಿ ಅದರ ಮೇಲೆ 25% ಸೇರಿಸಿದರೆ ಚಕ್ರ ಇನ್ನೂ ಜೋರಾಗಿ ತಿರುಗಿ ಗುಂಡಿ ತೋಡುತ್ತದೆ, ಅಷ್ಟೇ.

ಅಲ್ಲಿ ಕೆಲಸ ಮಾಡುವುದು ಗಾಳಿ ಇಳಿಸುವುದು. ರಸ್ತೆಯಲ್ಲಿ 26 ಪಿಎಸ್‌ಐ ಇದ್ದರೆ ಕೆಸರಿಗೆ 16ರಿಂದ 18. ಇಳಿಸಿದ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಬೇಡಿ, ರಿಮ್‌ನಿಂದ ಟೈರ್ ಕಳಚುತ್ತದೆ. ಅದೂ ಸಾಲದಿದ್ದರೆ ಹಿಂದಿನ ಆಕ್ಸಲ್‌ಗೆ ಲಾಕರ್, ಅಂದರೆ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಭಾಗ. ಸೂಪರ್‌ಚಾರ್ಜರ್‌ಗೆ ಸುರಿಯುವ ದುಡ್ಡಿನಲ್ಲಿ ಒಂದು ಭಾಗ ಅಲ್ಲಿ ಹಾಕಿದರೂ ಗಾಡಿಯ ಸ್ವಭಾವವೇ ಬದಲಾಗುತ್ತದೆ.

ಇನ್ನು ಹೈವೇ. ಹಳೆಯ ಟೈರ್ 693 ಮಿ.ಮೀ. ಎತ್ತರ, ಈಗಿನದು 733. ಸುಮಾರು 6% ದೊಡ್ಡದು. ಐದನೇ ಗೇರ್‌ನಲ್ಲಿ 100 ಕಿ.ಮೀ. ವೇಗಕ್ಕೆ ಮೊದಲು 3,130 ಆರ್‌ಪಿಎಂ ಇತ್ತು, ಈಗ 2,960. ಈ ಎಂಜಿನ್‌ನ ಪೂರ್ತಿ ಟಾರ್ಕ್ ಬರುವುದೇ 4,000ಕ್ಕೆ, ನೀವು ಅಲ್ಲಿಂದ ಇನ್ನೂ ಕೆಳಗಿಳಿದಿದ್ದೀರಿ. ಜೊತೆಗೆ ಒಂದೊಂದು ಚಕ್ರಕ್ಕೂ ನಾಲ್ಕೈದು ಕೆಜಿ ತೂಕ ಏರಿದೆ. ಸ್ಪೀಡೋಮೀಟರ್ ಕೂಡ ಮೊದಲಿಗಿಂತ 6% ಕಡಿಮೆ ತೋರಿಸುತ್ತಿರುತ್ತದೆ, ಹಾಗಾಗಿ ಮೈಲೇಜ್ ಲೆಕ್ಕವನ್ನೂ ತಿದ್ದಿಕೊಳ್ಳಿ.

ಆಟೋಮ್ಯಾಟಿಕ್ ಜಿಮ್ನಿಯ ಡಿಫರೆನ್ಷಿಯಲ್ ಅನುಪಾತ 4.300. ಆ ಕ್ರೌನ್ ಮತ್ತು ಪಿನಿಯನ್ (ಡಿಫರೆನ್ಷಿಯಲ್‌ನ ಗೇರ್ ಜೋಡಿ) ಹಾಕಿಸಿದರೆ ಕಳೆದುಕೊಂಡ 6%ರಲ್ಲಿ 5% ಎಲ್ಲ ಗೇರ್‌ಗಳಲ್ಲೂ ವಾಪಸ್ ಬರುತ್ತದೆ. ನನ್ನ ಪ್ರಕಾರ ನಿಮಗೆ ಬೇಕಿರುವುದು ಇದು, ಸೂಪರ್‌ಚಾರ್ಜರ್ ಅಲ್ಲ.

ಡೈನೋ ಹುಬ್ಬಳ್ಳಿ:

ಲೋ ರೇಂಜ್ ಅವರು ಹೇಳಿದ್ದು ಖರೇ ಅದ. ನಾ ಕಿಟ್ ಬಗ್ಗೆ ಅಷ್ಟ ಹೇಳ್ತೀನ್ರಿ, ಯಾಕಂದ್ರ ಇಂಟರ್‌ಕೂಲರ್ ಇಲ್ಲ, ಪಿಗ್ಗಿಬ್ಯಾಕ್ ಅಂದ್ರಲ್ಲ, ಅಲ್ಲೇ ಎಂಜಿನ್ ಹೋಗ್ತದ.

ಮೊದಲು ಬಿಸಿ. ರೂಟ್ಸ್ ಬ್ಲೋವರ್ ಗಾಳಿ ಒತ್ತೋದ್ರಾಗ ಅಷ್ಟೇನು ಜಾಣ ಅಲ್ಲ, ದಕ್ಷತೆ 55% ಹತ್ರ. ಹೊರಗ 35 ಡಿಗ್ರಿ ಇದ್ರ, 0.4 ಬಾರ್‌ಗೆ ಒತ್ತಿದ ಗಾಳಿ 90 ಡಿಗ್ರಿ ದಾಟ್ತದ. ಬಿಸಿ ಗಾಳಿ ಅಂದ್ರ ತೆಳು ಗಾಳಿ. ಒತ್ತಡ 40% ಏರಿದ್ರೂ ಸಿಲಿಂಡರ್‌ಗೆ ಹೋಗೋ ಗಾಳಿಯ ತೂಕ ಏರೋದು 18% ಅಷ್ಟ. ಬ್ಲೋವರ್ ತಿರುಗಿಸಾಕ ಬೆಲ್ಟ್ 6,000 ಆರ್‌ಪಿಎಂದಾಗ 7–9 ಎಚ್‌ಪಿ ತಿಂತದ. ಮ್ಯಾಲೆ ನಾಕ್ (ಪೆಟ್ರೋಲ್ ತಾನಾಗೇ ಸಿಡಿಯೋದು) ತಪ್ಪಸಾಕ ಟೈಮಿಂಗ್ ಹಿಂದ ತರಬೇಕು, ಅಂದ್ರ ಪ್ಲಗ್ ಕಿಡಿ ತಡಾ ಮಾಡಬೇಕು. ಕೈಗೆ ಸಿಗೋದು ಹತ್ತು ಪರ್ಸೆಂಟ್ ಚಿಲ್ಲರೆ. ಅದೇ ಗಾಳಿನ್ನ ಇಂಟರ್‌ಕೂಲರ್‌ದಾಗ 55 ಡಿಗ್ರಿಗೆ ಇಳಿಸಿದ್ರ 25% ಹತ್ರ ಸಿಗ್ತದ, ಅಂದ್ರ 130 ಎಚ್‌ಪಿ ಸುಮಾರು. ಇಂಟರ್‌ಕೂಲರ್ ಇಲ್ಲದ ಕಿಟ್ ತಗೋಬ್ಯಾಡ್ರಿ.

ಇಂಟರ್‌ಕೂಲರ್ ಗಾಳಿದು ಬ್ಯಾಡ, ನೀರಿಂದು ಹಾಕ್ರಿ. ಲೋ ರೇಂಜ್‌ದಾಗ ತಾಸಿಗೆ 4 ಕಿ.ಮೀ. ಹೋಗೋ ಗಾಡಿ ಮುಂದ ಗಾಳಿ ಎಲ್ಲಿಂದ ಬರಬೇಕು? ರೇಡಿಯೇಟರ್ ಮುಂದ ಇಂಟರ್‌ಕೂಲರ್ ನಿಂತ್ರ ಅದೂ ಬಿಸಿ, ರೇಡಿಯೇಟರೂ ಬಿಸಿ. ನಿಮ್ಮ ವಿಂಚ್ ಬ್ಯಾರೆ ಅಡ್ಡ ಅದ.

ಪಿಗ್ಗಿಬ್ಯಾಕ್ ಬಗ್ಗೆ ಸರಿಯಾಗಿ ತಿಳ್ಕೋರಿ. ಟರ್ಬೊ ಇಲ್ಲದ ಎಂಜಿನ್‌ದ ಮ್ಯಾಪ್ ಸೆನ್ಸರ್ (ಒಳಗ ಹೋಗೋ ಗಾಳಿ ಒತ್ತಡ ಅಳಿಯೋದು) ವಾತಾವರಣದ ಒತ್ತಡದ ಆಜೂಬಾಜೂ ತನಕಷ್ಟ ಓದ್ತದ. ಅಗ್ಗದ ಬಾಕ್ಸ್ ಏನ್ ಮಾಡ್ತಾವು ಅಂದ್ರ, ಒತ್ತಡ ಅದಕ್ಕಿಂತ ಮ್ಯಾಲ ಹೋದಾಗ ಸಿಗ್ನಲ್ ತಡದು, ಬೂಸ್ಟ್ ಇಲ್ಲವೇ ಇಲ್ಲ ಅಂತ ಇಸಿಯುಗೆ ಹೇಳ್ತಾವು. ಇಸಿಯು ಅದನ್ನ ನಂಬಿ ಪೆಟ್ರೋಲ್ ಕಡಿಮಿ ಹಾಕ್ತದ, ಟೈಮಿಂಗ್ ಮೊದಲಿನಂಗ ಮುಂದ ಇಡ್ತದ. ಕಂಪ್ರೆಷನ್ 10:1 ಇರೋ ಎಂಜಿನ್‌ದಾಗ ಇಷ್ಟ ಸಾಕು. ನಾಕ್ ಆಗಿ ಪಿಸ್ಟನ್ ರಿಂಗ್‌ಗಳ ನಡುವಿನ ಪಟ್ಟಿ ಮುರೀತದ. ಮುರಿಯೋ ಮೊದಲ ದೊಡ್ಡ ಸದ್ದೇನೂ ಬರೂದಿಲ್ಲ. ಡಿಪ್‌ಸ್ಟಿಕ್ ಕಡೆಯಿಂದ ಹೊಗಿ ಬಂದಾಗ, ಒಂದು ಸಿಲಿಂಡರ್ ಕಂಪ್ರೆಷನ್ ಬಿದ್ದಾಗ ತಿಳೀತದ.

ಮಾಡಸೋದ ಆದ್ರ ಇಸಿಯು ರೀಫ್ಲ್ಯಾಶ್ (ಅದರ ಸಾಫ್ಟ್‌ವೇರ್ ಬದಲಿ) ಇಲ್ಲಾ ಸ್ಟ್ಯಾಂಡ್‌ಅಲೋನ್ (ಬ್ಯಾರೆ ಇಸಿಯು), 2 ಅಥವಾ 2.5 ಬಾರ್ ಮ್ಯಾಪ್ ಸೆನ್ಸರ್, ಗಾಳಿ-ಪೆಟ್ರೋಲ್ ಮಿಶ್ರಣ ಅಳಿಯೋ ವೈಡ್‌ಬ್ಯಾಂಡ್ ಸೆನ್ಸರ್. ಟೈಮಿಂಗ್ ಒಂದು ಪಿಎಸ್‌ಐಗೆ ಒಂದು ಡಿಗ್ರಿ ಹಿಂದ ಇಟ್ಟು ಸುರು ಮಾಡ್ರಿ, 0.4 ಬಾರ್ ಅಂದ್ರ ಸುಮಾರು 6 ಡಿಗ್ರಿ. ಬೂಸ್ಟ್‌ದಾಗ ಲ್ಯಾಂಬ್ಡಾ (1 ಅಂದ್ರ ಸಮತೋಲ, ಕಡಿಮಿ ಅಂದ್ರ ಪೆಟ್ರೋಲ್ ಜಾಸ್ತಿ) 0.80ರಿಂದ 0.85 ಒಳಗ ಇರಲಿ. ಎಎಫ್‌ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಅಂಕಿ ನೋಡಿ ಟ್ಯೂನ್ ಮಾಡಬ್ಯಾಡ್ರಿ. 20% ಎಥನಾಲ್ ಇರೋ ಇ20 ಪೆಟ್ರೋಲ್‌ಗೆ 14.7 ಅಲ್ಲ, 13.5 ಹತ್ರ ಸಮತೋಲ. ಹಳೇ ಅಂಕಿ ಹಿಡದ್ರ ಗಾಡಿ ಲೀನ್ ಓಡ್ತದ, ಅಂದ್ರ ಪೆಟ್ರೋಲ್ ಕಡಿಮಿ ಬೀಳ್ತದ.

ಇಂಜೆಕ್ಟರ್ ಲೆಕ್ಕ: 130 ಎಚ್‌ಪಿಗೆ ತಾಸಿಗೆ ಎಚ್‌ಪಿಗೆ 290 ಗ್ರಾಂ ಹಿಡದ್ರ 37.7 ಕೆಜಿ. ನಾಲ್ಕು ಇಂಜೆಕ್ಟರ್‌ಗೆ ಹಂಚಿ, 80% ಡ್ಯೂಟಿ (ಇಂಜೆಕ್ಟರ್ ತೆರೆದಿರೋ ಹೊತ್ತು) ಮ್ಯಾಲೆ ನೋಡಿದ್ರ ಒಂದೊಂದಕ್ಕ ನಿಮಿಷಕ್ಕ 260 ಸಿಸಿ. 280–300 ಸಿಸಿದು ಹಾಕ್ರಿ. ಪ್ಲಗ್ ಒಂದು ಹಂತ ಕೋಲ್ಡ್ (ಬಿಸಿ ಲಗೂ ಬಿಡೋದು), ಗ್ಯಾಪ್ 0.7 ಮಿ.ಮೀ. ಕ್ರ್ಯಾಂಕ್‌ಕೇಸ್‌ಗೆ ಬೂಸ್ಟ್ ನುಗ್ಗದಂಗ ಪಿಸಿವಿ (ಕ್ರ್ಯಾಂಕ್‌ಕೇಸ್ ಹೊಗಿ ಎಳೆಯೋ ಪೈಪ್) ಕಡೆ ಚೆಕ್ ವಾಲ್ವ್, ಎಣ್ಣಿ ಹಿಡಿಯೋ ಕ್ಯಾಚ್ ಕ್ಯಾನ್. ಬ್ರೇಕ್ ಬೂಸ್ಟರ್ ಪೈಪ್‌ದ ಚೆಕ್ ವಾಲ್ವ್ ಸಹಿತ ನೋಡ್ರಿ, ಅದು ಸೋರಿದ್ರ ಬೂಸ್ಟರ್‌ಗೆ ಒತ್ತಡ ಹೋಗಿ ಬ್ರೇಕ್ ಕಲ್ಲು ಆಗ್ತದ.

500 ಸಿಸಿ ಬ್ಲೋವರ್ ನಿಮ್ಮ ಎಂಜಿನ್‌ಗೆ ಸಣ್ಣದಾತು ಅನಸ್ತದ. 0.4 ಬಾರ್ ಬರಬೇಕಂದ್ರ ಪುಲ್ಲಿ ಅನುಪಾತ 1.8ರಿಂದ 2 ಬೇಕು. ಎಂಜಿನ್ 6,000 ತಿರುಗಿದ್ರ ಬ್ಲೋವರ್ 12,000 ತನಕ. ಅದರ ಗರಿಷ್ಠ ವೇಗ ಎಷ್ಟು ಅಂತ ಮಾರೋರ ಕಡೆ ಬರದು ತಗೋರಿ.

ಮಸ್ಕತ್ ಮರಳು:

ಸೂಪರ್‌ಚಾರ್ಜರ್ ಎಲ್ಲ ಕಡೆ ದಂಡ ಅಲ್ಲ ಮಾರಾಯ್ರೆ. ಇಲ್ಲಿ ಒಮಾನ್‌ನ ವಹೀಬಾ ಮರಳುಗಾಡಿನಲ್ಲಿ ಅದಕ್ಕೆ ಕೆಲಸ ಉಂಟು. ದಿಬ್ಬ ಹತ್ತುವಾಗ ಗಾಡಿ ಹೈ ರೇಂಜಿನ ಎರಡರಲ್ಲೋ ಲೋ ರೇಂಜಿನ ಮೂರರಲ್ಲೋ 4,000ದಿಂದ 5,500 ಆರ್‌ಪಿಎಂನಲ್ಲಿ ಒಂದೇ ಸಮ ಎಳೆಯಬೇಕು. ಮಧ್ಯೆ ವೇಗ ಬಿದ್ದರೆ ಹೂತು ಹೋಗುತ್ತದೆ, ಗೇರ್ ಬದಲಿಸುವಷ್ಟೂ ಹೊತ್ತು ಸಿಗುವುದಿಲ್ಲ. ಟೈರ್ 12–15 ಪಿಎಸ್‌ಐಗೆ ಇಳಿಸಿದ ಮೇಲೂ ಕೊರತೆ ಬೀಳುವುದು ಪವರ್. ಆದರೆ 45 ಡಿಗ್ರಿ ಬಿಸಿಲಲ್ಲಿ ಇಂಟರ್‌ಕೂಲರ್ ಇಲ್ಲದಿದ್ದರೆ ಒಳಗೆ ಹೋಗುವ ಗಾಳಿ 100 ಡಿಗ್ರಿ ದಾಟುತ್ತದೆ, ಹಾಗಾಗಿ 95 ಆಕ್ಟೇನ್‌ಗಿಂತ ಕಡಿಮೆ ಹಾಕುವ ಹಾಗೇ ಇಲ್ಲ.

ಲಡಾಖ್‌ನಲ್ಲೂ ಲಾಭ ಉಂಟು. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಗಾಳಿಯ ಒತ್ತಡ 0.65 ಬಾರ್. ಬ್ಲೋವರ್ 1.4 ಪಟ್ಟು ಒತ್ತಿದರೆ 0.91, ಅಂದರೆ ಬೆಂಗಳೂರಿನಲ್ಲಿ ಬ್ಲೋವರ್ ಇಲ್ಲದೆ ಎಂಜಿನ್‌ಗೆ ಸಿಗುವಷ್ಟು. ಬೆಂಗಳೂರಿನಲ್ಲಿ ಓಡುವ ಹಾಗೆಯೇ ಹೆಚ್ಚುಕಡಿಮೆ ಅಲ್ಲೂ ಓಡುತ್ತದೆ. ಒಂದು ಪ್ರವಾಸಕ್ಕಾಗಿ ಇಷ್ಟೆಲ್ಲ ಮಾಡಬೇಕಾ ಎಂಬುದು ನಿಮಗೆ ಬಿಟ್ಟದ್ದು. ಕಾಡಿನಲ್ಲಿ ಹಳ್ಳ ದಾಟುವವರು ಬೆಲ್ಟ್ ಬಗ್ಗೆಯೂ ಯೋಚಿಸಬೇಕು. ನೀರು, ಕೆಸರು ಬಿದ್ದರೆ ಬೆಲ್ಟ್ ಜಾರುತ್ತದೆ, ಬೂಸ್ಟ್ ಬೀಳುತ್ತದೆ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವ ಕಿಟ್ ಆದರೆ ಎಂಜಿನ್ ಬಿಸಿಯೇರುತ್ತದೆ.

ಆರ್‌ಸಿ ಪುಸ್ತಕ:

ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 182ಎ(4)ರ ಅಡಿ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಅಪಘಾತವಾದಾಗ ವಿಮೆ ಸರ್ವೇಯರ್ ಬಾನೆಟ್ ಎತ್ತಿದರೆ ಸೂಪರ್‌ಚಾರ್ಜರ್ ಮೊದಲು ಕಣ್ಣಿಗೆ ಬೀಳುತ್ತದೆ. ವಾರಂಟಿ ಉಳಿದಿದ್ದರೆ ಎಂಜಿನ್, ಗೇರ್‌ಬಾಕ್ಸ್ ಕ್ಲೇಮ್ ಮರೆತುಬಿಡಿ. ಟ್ರ್ಯಾಕ್‌ಗೆ ಟ್ರೇಲರ್ ಮೇಲೆ ಸಾಗಿಸುವ ಗಾಡಿಯ ಮಾತು ಬೇರೆ. ನಿಮ್ಮದು ಹೈವೇಯಲ್ಲಿ ಓಡುವ ಗಾಡಿ.

ಬಿಸಿಲೆ ಹಾದಿ:

ಎಲ್ಲರಿಗೂ ಧನ್ಯವಾದ. 4.300 ಹಾಕಿಸುವುದೇ ಸರಿ ಅನಿಸುತ್ತಿದೆ. ಹಿಂದಿನದನ್ನು ಮಾತ್ರ ಬದಲಿಸಿದರೆ ಸಾಕಾ? ಅದಕ್ಕೂ ಮೊದಲು, ನನ್ನ ಗಾಡಿಗೆ ಕಡಿಮೆಯಾಗಿರುವುದು ಗೇರಾ ಪವರ್ರಾ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಲೋ ರೇಂಜ್:

ಇಸಿಯು ಮಾಹಿತಿಯನ್ನು ಫೋನಿಗೆ ಕೊಡುವ ಒಂದು ಒಬಿಡಿ ಡಾಂಗಲ್ ಹಾಕಿ ವೇಗ, ಆರ್‌ಪಿಎಂ, ಥ್ರಾಟಲ್ ಮೂರನ್ನೂ ರೆಕಾರ್ಡ್ ಮಾಡಿ. ಕೆಸರಿನಲ್ಲಿ ನಿಂತಾಗ ಆರ್‌ಪಿಎಂ ಏರಿ ಚಕ್ರ ತಿರುಗುತ್ತಿದ್ದರೆ ಹಿಡಿತದ ತೊಂದರೆ. ಚಕ್ರ ಜಾರದೆ ಆರ್‌ಪಿಎಂ ಬಿದ್ದು ಎಂಜಿನ್ ಬಂದ್ ಆಗುವಂತಿದ್ದರೆ ಗೇರ್ ಅನುಪಾತದ್ದು. ಘಾಟಿಯಲ್ಲಿ ಸರಿಯಾದ ಗೇರ್‌ನಲ್ಲಿ 4,000ದ ಮೇಲೆ, ಆಕ್ಸಿಲರೇಟರ್ ಪೂರ್ತಿ ಒತ್ತಿಯೂ ವೇಗ ಏರದಿದ್ದರೆ ಮಾತ್ರ ಪವರ್ ಸಾಲದು ಎನ್ನಬಹುದು.

ಹಿಂದಿನದನ್ನು ಮಾತ್ರ ಬದಲಿಸಲೇಬೇಡಿ. ಫೋರ್ ವೀಲ್ ಹಾಕಿದ ತಕ್ಷಣ ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ನೋಡುತ್ತವೆ. ಗಟ್ಟಿ ನೆಲದಲ್ಲಿ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಂಡು ಲಿವರ್ ಹೊರಬರುವುದಿಲ್ಲ, ಮುಂದುವರಿದರೆ ಗೇರೇ ಒಡೆಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸಿ. ಪಿನಿಯನ್ ಬೇರಿಂಗ್, ಆಯಿಲ್ ಸೀಲ್, ಕ್ರಶ್ ಸ್ಲೀವ್ ಹೊಸದು ಹಾಕಿಸಿ. ಬ್ಯಾಕ್‌ಲ್ಯಾಶ್‌ನ್ನು (ಗೇರ್ ಹಲ್ಲುಗಳ ನಡುವಿನ ಸಡಿಲ) ಡಯಲ್ ಗೇಜ್ ಇಟ್ಟು ಅಳೆಯಬೇಕು, ಮಾರ್ಕಿಂಗ್ ಪೇಸ್ಟ್ ಹಚ್ಚಿ ಹಲ್ಲಿನ ಗುರುತು ನಡುವೆ ಬೀಳುತ್ತಿದೆಯಾ ಎಂದು ನಿಮ್ಮ ಕಣ್ಣೆದುರೇ ತೋರಿಸಬೇಕು. ಕೈ ಅಂದಾಜಿನಲ್ಲಿ ಕೂರಿಸುವ ಗ್ಯಾರೇಜಿಗೆ ಕೊಡಬೇಡಿ, 60 ಕಿ.ಮೀ. ದಾಟಿದ ಮೇಲೆ ಗುಂಯ್ ಎನ್ನುವ ಸದ್ದು ಶುರುವಾದರೆ ಆ ಗೇರ್ ಸೆಟ್ ಮತ್ತೆ ಸರಿಹೋಗುವುದು ಕಷ್ಟ. ಮೊದಲ 500 ಕಿ.ಮೀ. ಭಾರ ಹೇರದೆ ಓಡಿಸಿ, ಆಮೇಲೆ ಎರಡೂ ಆಕ್ಸಲ್‌ನ ಜಿಎಲ್-5 ದರ್ಜೆಯ ಗೇರ್ ಎಣ್ಣೆ ಬದಲಿಸಿ.