ಕ್ಯೋಟೊದ ಹಳೆಯ ಸಿಹಿಯಂಗಡಿಯಲ್ಲಿ ಹಣ್ಣಿನ ಮೋಚಿ: ಹೋಗುವ ಮುನ್ನ ಏನೇನು ತಿಳಿದಿರಬೇಕು?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮೊದಲ ವಾರ ನಾನು, ನಮ್ಮ ಯಜಮಾನರು ಮತ್ತು 74 ವರ್ಷದ ಅತ್ತೆಯವರು ಜಪಾನಿನ ಕ್ಯೋಟೊಗೆ ಹೊರಟಿದ್ದೇವೆ. ಅಲ್ಲಿನ ಹಳೆಯ ಸಿಹಿತಿಂಡಿ ಅಂಗಡಿಯೊಂದರಲ್ಲಿ, ಇಡೀ ಸ್ಟ್ರಾಬೆರಿಯನ್ನು ಒಳಗಿಟ್ಟು ಮಾಡುವ ಮೋಚಿ ಎಂಬ ಅಂಟು ಅಕ್ಕಿಯ ತಿಂಡಿಯನ್ನು ಅಂದಂದಿನದೇ ತಿನ್ನಬೇಕೆಂಬುದು ನನ್ನ ಬಹುದಿನದ ಆಸೆ. ಹೋದ ವರ್ಷ ನನ್ನ ತಂಗಿ ಒಸಾಕಾದಿಂದ ಬರುವಾಗ ಒಂದು ಡಬ್ಬಿ ತಂದಿದ್ದಳು. ಕೆಡದಿರಲಿ ಎಂದು ಫ್ರಿಜ್‌ನಲ್ಲಿಟ್ಟೆವು. ಮರುದಿನ ತೆಗೆದು ನೋಡಿದರೆ ಹೊರಗಿನ ಕಣಕ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಹಣ್ಣು ನೀರೊಡೆದು ಹೂರಣವೆಲ್ಲ ಕಲಸಿಹೋಗಿತ್ತು. ಅದು ಹಾಗೆಯೇ ಇರುವ ತಿಂಡಿಯೋ, ನಮ್ಮ ತಪ್ಪೋ ತಿಳಿಯಲಿಲ್ಲ.

ಇನ್ನೊಂದು ಮುಖ್ಯ ವಿಷಯ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಆ ಹೊರಪದರಕ್ಕೆ ‘ಗ್ಯೂಹಿ’ ಎನ್ನುತ್ತಾರೆಂದೂ, ಆ ಪದದ ಮೂಲ ಅರ್ಥ ‘ಎತ್ತಿನ ತೊಗಲು’ ಎಂದೂ ಎಲ್ಲೋ ಓದಿದ ಅತ್ತೆಯವರು ತಮಗೆ ಅದು ಬೇಡವೇ ಬೇಡ ಎಂದುಬಿಟ್ಟಿದ್ದಾರೆ. ಆ ಋತುವಿನಲ್ಲಿ ಯಾವ ಹಣ್ಣಿನದು ಸಿಗುತ್ತದೆ, ಅಂಗಡಿಯಲ್ಲಿ ಹೇಗೆ ಕೇಳಬೇಕು, ಊರಿಗೆ ತರಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕಾಮೋ ದಂಡೆ

ಹೊಂಗೆನೆರಳು ಅವರೇ, ಆರು ವರ್ಷಗಳಿಂದ ಕ್ಯೋಟೊದಲ್ಲಿದ್ದೇನೆ. ಮೊದಲು ಅತ್ತೆಯವರ ಅನುಮಾನವನ್ನು ಪರಿಹರಿಸುತ್ತೇನೆ. ಹಿಂದೆ ಕಂದು ಸಕ್ಕರೆ ಹಾಕಿ ಮಾಡುತ್ತಿದ್ದಾಗ ಆ ಹಿಟ್ಟು ಹದ ಮಾಡಿದ ತೊಗಲಿನಂತೆ ಕಾಣುತ್ತಿದ್ದುದರಿಂದ ಗ್ಯೂಹಿ ಎಂಬ ಹೆಸರು ಬಂತೆಂದು ಇಲ್ಲಿನವರು ಹೇಳುತ್ತಾರೆ. ಈಗ ಅದನ್ನು ಬರೆಯುವ ಅಕ್ಷರಗಳೂ ಬೇರೆ. ಅದರಲ್ಲಿರುವುದು ಅಂಟು ಅಕ್ಕಿಯ ಹಿಟ್ಟು, ನೀರು ಮತ್ತು ಸಕ್ಕರೆ ಅಥವಾ ಪಿಷ್ಟದಿಂದ ಮಾಡಿದ ಪಾಕ. ಇವನ್ನು ಒಲೆಯ ಮೇಲೆ ಹೊಳಪು ಬರುವವರೆಗೆ ಮಗುಚಿ, ಕೈಗೆ ಅಂಟದಂತೆ ಆಲೂಗಡ್ಡೆಯ ಪಿಷ್ಟವನ್ನು ಉದುರಿಸುತ್ತಾರೆ. ತೊಗಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಆದರೂ ಕಣ್ಣುಮುಚ್ಚಿ ಕೊಳ್ಳಬೇಡಿ. ಕೆಲವು ಅಂಗಡಿಗಳಲ್ಲಿ ಹಿಟ್ಟು ಇನ್ನಷ್ಟು ಹಗುರವಾಗಲೆಂದು ಮೊಟ್ಟೆಯ ಬಿಳಿಭಾಗವನ್ನು ಸೇರಿಸುವುದುಂಟು. ಹೊಸ ಬಗೆಯವುಗಳಲ್ಲಿ ಹಾಲಿನ ಕೆನೆಯನ್ನೋ, ಪ್ರಾಣಿಗಳ ಮೂಳೆ, ತೊಗಲಿನಿಂದ ತೆಗೆಯುವ ಜೆಲಾಟಿನ್ ಸೇರಿದ ಜೆಲ್ಲಿಯನ್ನೋ ತುಂಬಿರುತ್ತಾರೆ. ‘ತಮಾಗೊ ವಾ ಹೈತ್ತೆ ಇಮಾಸ್ ಕಾ’ ಎಂದು ಕೇಳಿದರೆ ಮೊಟ್ಟೆ ಇದೆಯೇ ಎಂದು ಕೇಳಿದಂತಾಗುತ್ತದೆ. ಡಬ್ಬಿಯಲ್ಲಿ ಬರುವ ತಿಂಡಿಯ ಚೀಟಿಯಲ್ಲಿ ಮೊಟ್ಟೆ ಮತ್ತು ಹಾಲನ್ನು ಹೆಸರಿಸಲೇಬೇಕೆಂಬ ಕಾನೂನಿದೆ. ಜೆಲಾಟಿನ್ ಅನ್ನು ಮಾತ್ರ ಬೇರೆಯಾಗಿ ಕೇಳಿ.

ನೀವು ಹೇಳುತ್ತಿರುವ ತಿಂಡಿಯ ಹೆಸರು ‘ಇಚಿಗೊ ದೈಫುಕು’. ದೈಫುಕು ಎಂಬ ತುಂಬಿದ ಮೋಚಿ ಎದೊ ಕಾಲದಿಂದಲೂ (1603–1868) ಇದೆ. ‘ದೊಡ್ಡ ಹೊಟ್ಟೆ’ ಎಂಬ ಅರ್ಥದ ಹೆಸರು, ಅದೇ ಉಚ್ಚಾರದ ಬೇರೆ ಅಕ್ಷರಗಳಿಂದಾಗಿ ‘ಮಹಾಭಾಗ್ಯ’ ಎಂದಾಯಿತು. ಅದರೊಳಗೆ ಸ್ಟ್ರಾಬೆರಿ ಬಂದದ್ದು ಮಾತ್ರ 1980ರ ದಶಕದಲ್ಲಿ. ಮೊದಲು ಮಾಡಿದವರು ತಾವೇ ಎನ್ನುವ ಅಂಗಡಿಗಳು ಹಲವು. ಟೋಕಿಯೊದ ಓಸುಮಿ ತಮಾಯಾ ಅಂಗಡಿಯವರು 1985ರಲ್ಲಿ ತಾವು ಆರಂಭಿಸಿದೆವೆನ್ನುತ್ತಾರೆ. ಹಾಗಾಗಿ ನೂರಾರು ವರ್ಷದ ಅಂಗಡಿಗೆ ಹೋದರೆ ಹಣ್ಣಿನ ಮೋಚಿ ಇದ್ದೇ ಇರುತ್ತದೆ ಎಂದು ಭಾವಿಸಬೇಡಿ. 1899ರಲ್ಲಿ ಆರಂಭವಾದ ದೆಮಾಚಿ ಫುತಾಬಾ ಅಂಗಡಿಯ ಮುಂದೆ ಬೆಳಗಿನಿಂದಲೇ ಸಾಲು ನಿಂತಿರುವುದು ಉಪ್ಪಿನಲ್ಲಿ ಬೇಯಿಸಿದ ಬಟಾಣಿಯನ್ನು ಹಿಟ್ಟಿನಲ್ಲೇ ಸೇರಿಸಿ ಮಾಡುವ ಮಾಮೆ ಮೋಚಿಗಾಗಿ. ಸಿಹಿಯ ನಡುವೆ ಆ ಉಪ್ಪು ನಾಲಿಗೆಗೆ ತಗಲುವ ಕ್ಷಣ ನನಗೆ ಸ್ಟ್ರಾಬೆರಿಗಿಂತಲೂ ಇಷ್ಟ, ಅದನ್ನೂ ಬಿಡಬೇಡಿ.

ಸ್ಟ್ರಾಬೆರಿಯ ಕಾಲ ಡಿಸೆಂಬರಿನಿಂದ ಮೇ ತನಕ ಇರುವುದರಿಂದ ಏಪ್ರಿಲ್‌ನಲ್ಲಿ ನಿಮಗೆ ತೊಂದರೆಯಿಲ್ಲ. ಬೇಸಿಗೆಗೆ ಪೀಚ್, ಆಮೇಲೆ ಶೈನ್ ಮಸ್ಕಟ್ ದ್ರಾಕ್ಷಿ, ಅಂಜೂರ, ಚಳಿಗೆ ಕಿತ್ತಳೆ ಜಾತಿಯ ಮಿಕಾನ್ ಹೀಗೆ ಹಣ್ಣು ಬದಲಾಗುತ್ತ ಹೋಗುತ್ತದೆ. ಒಂದಕ್ಕೆ ಸುಮಾರು 300ರಿಂದ 500 ಯೆನ್ ಆಗಬಹುದು. ಅಂಗಡಿಯಲ್ಲೇ ಕುಳಿತು ತಿಂದರೆ ಶೇ. 10, ಕಟ್ಟಿಸಿಕೊಂಡು ಹೋದರೆ ಶೇ. 8 ತೆರಿಗೆ.

ಬಾಗಿಲಿಗೆ ಬಟ್ಟೆಯ ಪರದೆ, ಅಂದರೆ ನೋರೆನ್, ತೂಗಿದ್ದರೆ ಅಂಗಡಿ ತೆರೆದಿದೆ ಎಂದರ್ಥ. ಮಧ್ಯಾಹ್ನದ ಹೊತ್ತಿಗೆ ‘ಉರಿಕಿರೆ’, ಅಂದರೆ ಮುಗಿಯಿತು ಎಂಬ ಚೀಟಿ ಬೀಳುವುದು ಸಾಮಾನ್ಯವಾದ್ದರಿಂದ ಬೆಳಿಗ್ಗೆಯೇ ಹೋಗಿ. ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ತೋರಿಸಿ ‘ಕೊರೆ ಓ ಮಿತ್ತ್ಸು ಕುದಾಸಾಯ್’ ಎಂದರೆ ಇದನ್ನು ಮೂರು ಕೊಡಿ ಎಂದಾಗುತ್ತದೆ. ಹಣವನ್ನು ಕೈಗೆ ಕೊಡದೆ ಮುಂದಿಟ್ಟಿರುವ ಸಣ್ಣ ತಟ್ಟೆಯಲ್ಲಿಡಿ.

ಅಕ್ಕಿತರಿ

ಫ್ರಿಜ್‌ನಲ್ಲಿ ಮೋಚಿ ಏಕೆ ಗಟ್ಟಿಯಾಯಿತು ಎಂಬುದಕ್ಕೆ ಉತ್ತರ ಕೊಡಬಲ್ಲೆ. ಆಹಾರ ವಿಜ್ಞಾನ ಕಲಿಸುವುದು ನನ್ನ ಕೆಲಸ. ಅಕ್ಕಿಯ ಪಿಷ್ಟ ಬೆಂದಾಗ ನೀರು ಹೀರಿ ಮೆತ್ತಗಾಗುತ್ತದೆ. ತಣಿಯುತ್ತ ಬಂದಂತೆ ಅದರ ಎಳೆಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು ಬಿರುಸಾಗುತ್ತವೆ. ರಾತ್ರಿಯ ಅನ್ನ ಬೆಳಿಗ್ಗೆ ಒರಟಾಗುವುದೂ ಇದೇ ಕಾರಣಕ್ಕೆ. ಫ್ರಿಜ್‌ನ ತಂಪಿನಲ್ಲಿ ಈ ಕ್ರಿಯೆ ಅತ್ಯಂತ ವೇಗವಾಗಿ ನಡೆಯುತ್ತದೆ. ಗ್ಯೂಹಿಯಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಅದು ನೀರನ್ನು ಹಿಡಿದಿಟ್ಟುಕೊಂಡು ಬರೀ ಕುಟ್ಟಿದ ಮೋಚಿಗಿಂತ ಹೆಚ್ಚು ಹೊತ್ತು ಮೆತ್ತಗಿರುತ್ತದೆ. ಆದರೆ ಅದೇ ಸಕ್ಕರೆ ಹೂರಣದಲ್ಲಿ ಹಣ್ಣಿನ ರಸವನ್ನು ಹೊರಕ್ಕೆ ಎಳೆಯುತ್ತದೆ. ಆದ್ದರಿಂದಲೇ ತೊಟ್ಟು ತೆಗೆದ ಸ್ಟ್ರಾಬೆರಿಯನ್ನು ಚೆನ್ನಾಗಿ ಒರೆಸಿ, ಕತ್ತರಿಸದೆ ಇಡಿಯಾಗಿ ಇಡುತ್ತಾರೆ. ಗಂಟೆಗಳು ಕಳೆದಂತೆ ಎಷ್ಟೇ ಜಾಗ್ರತೆಯಿಂದ ಮಾಡಿದ್ದರೂ ನೀರೊಡೆಯುತ್ತದೆ. ನಿಮ್ಮದು ತಪ್ಪಲ್ಲ, ತಂಗಿಯವರದೂ ತಪ್ಪಲ್ಲ. ಅದು ಒಂದು ದಿನದ ತಿಂಡಿ. ಊರಿಗೆ ತರಬೇಡಿ.

ಹೂರಣದ ಬಗ್ಗೆ ಒಂದು ಮಾತು. ಕೆಂಪು ಅಜುಕಿ ಕಾಳಿನದು ಒಂದು ಬಗೆ, ಬಿಳಿ ಬೀನ್ಸ್ ಕಾಳಿನ ‘ಶಿರೊಆನ್’ ಇನ್ನೊಂದು. ಬಿಳಿಯ ಹೂರಣದ ರುಚಿ ಸೌಮ್ಯವಾದ್ದರಿಂದ ಹಣ್ಣಿನ ಹುಳಿ ಮತ್ತು ಪರಿಮಳ ಎದ್ದು ಬರುತ್ತವೆ. ಎರಡೂ ಇದ್ದರೆ ಮೊದಲು ಬಿಳಿಯದನ್ನೇ ಆರಿಸಿಕೊಳ್ಳಿ. ನಮ್ಮ ಕಡುಬಿನ ಕಾಯಿ ಬೆಲ್ಲದ ಹೂರಣಕ್ಕೆ ಒಗ್ಗಿದ ನಾಲಿಗೆಗೆ ಅದು ಮೊದಲಿಗೆ ಸಪ್ಪೆ ಅನ್ನಿಸಬಹುದು, ಹಣ್ಣಿನ ತನಕ ಹಲ್ಲು ಹೋಗಲಿ.

ಹೊಂಗೆನೆರಳು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅತ್ತೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ, ಈಗ ಅವರ ಮನಸ್ಸು ನಿರಾಳವಾಗಿದೆ. ಅವರಿಗೆ ಕಟ್ಟಿಸಿದ ಹಲ್ಲು. ಇಷ್ಟೊಂದು ಅಂಟಾಗಿರುವುದನ್ನು ಅವರು ತಿನ್ನಬಹುದೇ?

ನೇತ್ರಾವತಿ ತಟ

ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಜಪಾನಿನಲ್ಲಿ ಹೊಸವರ್ಷದ ಸಮಯದಲ್ಲಿ ಮೋಚಿ ಗಂಟಲಿಗೆ ಸಿಕ್ಕಿ ವೃದ್ಧರು ಸಾಯುವ ಸುದ್ದಿ ಪ್ರತಿವರ್ಷವೂ ಬರುತ್ತದೆ. ಟೋಕಿಯೊದ ಅಗ್ನಿಶಾಮಕ ಇಲಾಖೆಯವರು ಸಣ್ಣ ಸಣ್ಣ ತುಂಡು ಮಾಡಿ, ಚೆನ್ನಾಗಿ ಅಗಿದು ತಿನ್ನಿ ಎಂದು ಎಚ್ಚರಿಸುತ್ತಾರೆ. ದೈಫುಕುವಿನ ಹೊರಪದರ ತೆಳ್ಳಗಿದ್ದರೂ ಅಂಟು ಅಂಟೇ. ನನ್ನ ಅಮ್ಮನಿಗೂ ನಿಮ್ಮ ಅತ್ತೆಯವರಷ್ಟೇ ವಯಸ್ಸು. ಒಂದನ್ನು ಎಂಟು ತುಂಡು ಮಾಡಿ, ಮೊದಲು ಒಂದು ಗುಟುಕು ಬಿಸಿ ಚಹಾ ಕುಡಿಸಿ, ಕುರ್ಚಿಯಲ್ಲಿ ನೇರವಾಗಿ ಕೂರಿಸಿ, ಮಾತಾಡಿಸದೆ ತಿನ್ನಿಸಿದೆ.

ಚಾಕುವಿನಿಂದ ಕತ್ತರಿಸಿದರೆ ಮೋಚಿ ಅಂಟಿಕೊಂಡು ಹಣ್ಣು ಜಜ್ಜಿಹೋಗುತ್ತದೆ. ನಗೋಯಾದಲ್ಲಿ ಆರಂಭವಾದ ಬೆನ್ಜೈತೆನ್ ಎಂಬ ಹಣ್ಣಿನ ದೈಫುಕು ಅಂಗಡಿಯವರು ಇದಕ್ಕೆಂದೇ ದಾರ ಕೊಡುತ್ತಾರೆ. ದಾರವನ್ನು ಮೋಚಿಯ ಸುತ್ತ ಒಮ್ಮೆ ಸುತ್ತಿ, ತುದಿಗಳನ್ನು ಅಡ್ಡ ಹಾಯಿಸಿ ಎರಡೂ ಕೈಯಿಂದ ಎಳೆಯಬೇಕು. ಬಿಳಿಯ ಹಿಟ್ಟು ಒಂದು ಕ್ಷಣ ಒಳಕ್ಕೆ ಕುಗ್ಗಿ, ಆಮೇಲೆ ಸದ್ದಿಲ್ಲದೆ ಬೇರ್ಪಡುತ್ತದೆ. ಒಳಗೆ ಬಿಳಿಯ ಉಂಗುರ, ಅದರ ನಡುವೆ ಕೆಂಪು, ಆ ಕೆಂಪಿನ ನಡುವೆ ಹಣ್ಣಿನ ಬಿಳಿಯ ತಿರುಳು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಊರಿನಿಂದ ಹೂ ಕಟ್ಟುವ ದಾರ ತೆಗೆದುಕೊಂಡು ಹೋದರೂ ಆಯಿತು, ಸ್ವಚ್ಛವಾಗಿರಲಿ.

ಕಾಮೋ ನದಿಯ ದಂಡೆಯಲ್ಲಿ ತಿನ್ನುವುದಾದರೆ ತಲೆಯ ಮೇಲೆ ನಿಗಾ ಇರಲಿ. ಅಲ್ಲಿ ಹದ್ದುಗಳಿವೆ, ಎಚ್ಚರಿಕೆಯ ಫಲಕವೂ ಇದೆ. ನನ್ನ ಹಿಂದಿನಿಂದ ಬಂದ ಹದ್ದೊಂದು ಬೆರಳಿಗೆ ರೆಕ್ಕೆ ತಾಗಿಸಿ, ಅರ್ಧ ತಿಂದಿದ್ದ ಮೋಚಿಯನ್ನು ಕಿತ್ತುಕೊಂಡು ಹೋಯಿತು. ಹಿರಿಯರ ಜೊತೆ ಇದ್ದಾಗ ಅಂಗಡಿಯೊಳಗೆ ಕೂರುವುದೇ ಕ್ಷೇಮ, ಶೇ. 2 ತೆರಿಗೆ ಹೆಚ್ಚಾದರೂ ಸರಿ.

ಕಾಮೋ ದಂಡೆ

ಹದ್ದಿನ ವಿಷಯ ಬರೆದದ್ದು ಒಳ್ಳೆಯದಾಯಿತು. ಅತ್ತೆಯವರಿಗೆ ದೈಫುಕು ಕಷ್ಟವೆನಿಸಿದರೆ ನಿಮ್ಮದೇ ಋತುವಿನ ಸಕುರಾ ಮೋಚಿಯನ್ನು ಒಂದು ಚೂರು ಕೊಟ್ಟು ನೋಡಿ. ಕ್ಯೋಟೊದ ಕಡೆ ಅದನ್ನು ಬೇಯಿಸಿ ಒಣಗಿಸಿ ತರಿತರಿಯಾಗಿ ಒಡೆದ ಅಂಟು ಅಕ್ಕಿಯಿಂದ ಮಾಡುವುದರಿಂದ ಅಷ್ಟು ಎಳೆಯುವುದಿಲ್ಲ. ಆದರೂ ಅದು ಅಂಟು ಅಕ್ಕಿಯೇ, ಸಣ್ಣ ತುಂಡು ಮತ್ತು ಚಹಾದ ನಿಯಮ ಅದಕ್ಕೂ ಇರಲಿ. ಸುತ್ತಿರುವ ಉಪ್ಪಿನಲ್ಲಿಟ್ಟ ಚೆರ್ರಿ ಎಲೆಯನ್ನೂ ತಿನ್ನಬಹುದು. ಹೋಟೆಲಿಗೆ ಕಟ್ಟಿಸಿಕೊಂಡು ಹೋಗುವುದಾದರೆ ತಲುಪಲು ಎಷ್ಟು ಹೊತ್ತಾಗುತ್ತದೆ ಎಂದು ಅಂಗಡಿಯವರು ಕೇಳಬಹುದು. ಅದಕ್ಕೆ ತಕ್ಕಂತೆ ತಂಪಿನ ಪೊಟ್ಟಣವಿಡುತ್ತಾರೆ. ಅಂದೇ ಸಂಜೆಯೊಳಗೆ ತಿಂದು ಮುಗಿಸಿ.

ಹೊಂಗೆನೆರಳು

ಮೂರು ಜನಕ್ಕೆ ಎರಡೇ ದೈಫುಕು ಕೊಳ್ಳುವುದೆಂದೂ, ಅಂಗಡಿಯಲ್ಲೇ ಕುಳಿತು ತಿನ್ನುವುದೆಂದೂ ನಿರ್ಧರಿಸಿದ್ದೇವೆ. ಹೂ ಕಟ್ಟುವ ದಾರದ ಹೊಸ ಉಂಡೆಯೊಂದನ್ನು ಅತ್ತೆಯವರು ಈಗಲೇ ತಮ್ಮ ಕೈಚೀಲದಲ್ಲಿ ಹಾಕಿಟ್ಟುಕೊಂಡಿದ್ದಾರೆ.