ಪೈಪೋಟಿ ಇದ್ದರೂ ಫೋನಿನ ದರ ಏರುವುದೇಕೆ? ಲ್ಯಾಂಡ್‌ಲೈನ್ ಬಿಟ್ಟು ಫೈಬರ್ ಹಾಕಿಸಬಹುದೇ?

ತೋಟದಮನೆ, ಶಿರಸಿ ತಾಲೂಕು:

ಪೇಟೆಯಿಂದ ಸಾಕಷ್ಟು ಒಳಗೆ, ಅಡಿಕೆ ತೋಟದ ತಗ್ಗಿನಲ್ಲಿರುವ ನಮ್ಮ ಮನೆಯಲ್ಲಿ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇನ್ನೂ ಇದೆ. ಜೊತೆಗೆ ಅಪ್ಪ ಮತ್ತು ಆಯಿ ಇಬ್ಬರಿಗೂ ಒಂದೊಂದು ಮೊಬೈಲ್ ಇದೆ. ಅವರಿಬ್ಬರೂ ಇಂಟರ್ನೆಟ್ ಬಳಸುವವರಲ್ಲ. ಆದರೂ ಸಿಮ್ ಬಂದ್ ಆಗಬಾರದೆಂದು ಡೇಟಾ ಸೇರಿದ 28 ದಿನದ ಪ್ಯಾಕನ್ನೇ ಹಾಕಿಸುತ್ತ ಬಂದಿದ್ದೇವೆ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳೆಲ್ಲ ಒಂದೆರಡು ದಿನಗಳ ಅಂತರದಲ್ಲಿ ದರ ಏರಿಸಿದ ಮೇಲೆ ಆ ಖರ್ಚು ಇನ್ನೂ ಹೆಚ್ಚಿದೆ.

ನನ್ನ ಪ್ರಶ್ನೆ ಎರಡು. ಸರ್ಕಾರದ ಏಕಸ್ವಾಮ್ಯ ಹೋಗಿ ಖಾಸಗಿಯವರು ಬಂದರೆ ದರ ಇಳಿಯುತ್ತದೆ ಎಂದು ಹೇಳಿದ್ದರು, ಇಳಿದದ್ದೂ ನಿಜ. ಹಾಗಿದ್ದರೆ ಈಗ ಏರುತ್ತಿರುವುದೇಕೆ, ಇದನ್ನು ತಡೆಯುವವರು ಯಾರೂ ಇಲ್ಲವೇ? ಎರಡನೆಯದಾಗಿ, ಲ್ಯಾಂಡ್‌ಲೈನ್ ಬಿಟ್ಟು ಫೈಬರ್ (ಗಾಜಿನ ಎಳೆಯ ಕೇಬಲ್) ಸಂಪರ್ಕ ಪಡೆದರೆ ಮಳೆಗಾಲದಲ್ಲಿ, ದಿನಗಟ್ಟಲೆ ಕರೆಂಟ್ ಇಲ್ಲದಿರುವಾಗ ಅದು ಉಪಯೋಗಕ್ಕೆ ಬರುತ್ತದೆಯೇ? ಅದಕ್ಕಾಗಿ ಮನೆಯಲ್ಲಿಡುವ ಮೋಡೆಮ್ ಪೆಟ್ಟಿಗೆಯನ್ನು ನಾವೇ ಕೊಳ್ಳಬೇಕೋ, ಬಾಡಿಗೆಗೆ ಪಡೆಯಬೇಕೋ?

ನಿವೃತ್ತ ದೂರವಾಣಿ ನೌಕರ, ಕಾರವಾರ:

ಮೊದಲ ಪ್ರಶ್ನೆಗೆ ಸ್ವಲ್ಪ ಹಿಂದಿನಿಂದ ಉತ್ತರಿಸುತ್ತೇನೆ, ತಾಳ್ಮೆಯಿಂದ ಓದಬೇಕು.

ಫೋನ್ ಸೇವೆ ಸರ್ಕಾರದ ದೂರಸಂಪರ್ಕ ಇಲಾಖೆಯ ಕೈಯಲ್ಲೇ ಇದ್ದ ಕಾಲದಲ್ಲಿ ಸ್ಥಳೀಯ ಕರೆ ಮತ್ತು ತಿಂಗಳ ಬಾಡಿಗೆ ಅಗ್ಗವಾಗಿದ್ದವು, ಎಸ್‌ಟಿಡಿ (ದೂರದ ಊರಿನ ಕರೆ) ಮತ್ತು ಐಎಸ್‌ಡಿ (ವಿದೇಶದ ಕರೆ) ವಿಪರೀತ ದುಬಾರಿಯಾಗಿದ್ದವು. ಒಂದೇ ಜಿಲ್ಲೆಯೊಳಗಿದ್ದರೂ ಕಾರವಾರದ 08382ರಿಂದ ಶಿರಸಿಯ 08384ಕ್ಕೆ ಮಾಡುವ ಕರೆ ಎಸ್‌ಟಿಡಿಯೇ ಆಗಿತ್ತು. ಮುಂಬೈಗೆ, ದುಬೈಗೆ ಮಾತನಾಡುವವರು ಕೊಟ್ಟ ಹಣದಿಂದಲೇ ನಿಮ್ಮ ತೋಟದ ತನಕ ಕಂಬ ನೆಟ್ಟು ತಂತಿ ಎಳೆಯುವ ನಷ್ಟವನ್ನು ತುಂಬಿಕೊಳ್ಳಲಾಗುತ್ತಿತ್ತು. ಹತ್ತು ಮನೆಗಳಿಗಾಗಿ ಮೈಲುಗಟ್ಟಲೆ ಕೇಬಲ್ ಹಾಕಿದರೆ ಬಾಡಿಗೆಯಿಂದ ಆ ವೆಚ್ಚ ಎಂದೂ ಹುಟ್ಟುವುದಿಲ್ಲ.

1994ರ ದೂರಸಂಪರ್ಕ ನೀತಿಯಿಂದ ಖಾಸಗಿಯವರಿಗೆ ಬಾಗಿಲು ತೆರೆಯಿತು, 1997ರಲ್ಲಿ ನಿಯಂತ್ರಣ ಪ್ರಾಧಿಕಾರವಾಗಿ ಟ್ರಾಯ್ ಬಂತು. ಹೊಸಬರು ಯಾವಾಗಲೂ ಲಾಭವಿರುವಲ್ಲಿಗೇ, ಅಂದರೆ ದೂರದ ಕರೆಗಳಿಗೂ ನಗರದ ಗ್ರಾಹಕರಿಗೂ ಮೊದಲು ಕೈ ಹಾಕುತ್ತಾರೆ. ಹಾಗಾದಾಗ ದೂರದ ಕರೆಯಿಂದ ಹಳ್ಳಿಯ ತಂತಿಯನ್ನು ಸಾಕುವ ಹಳೆಯ ಲೆಕ್ಕ ಉಳಿಯಲಾರದು. ಆದ್ದರಿಂದಲೇ ಟ್ರಾಯ್ 1999ರ ಮಾರ್ಚ್‌ನಲ್ಲಿ ಹೊರಡಿಸಿದ ದರ ಆದೇಶವು ಒಂದೇ ಏಟಿಗೆ ಎಸ್‌ಟಿಡಿ, ಐಎಸ್‌ಡಿ ದರಗಳನ್ನು ಇಳಿಸಿ, ಬಾಡಿಗೆ ಮತ್ತು ಸ್ಥಳೀಯ ಕರೆಯ ದರಗಳನ್ನು ಏರಿಸುವ ದಾರಿ ಹಿಡಿಯಿತು. ಮಗ ಬೆಂಗಳೂರಿನಲ್ಲಿರುವವರಿಗೆ ಅದು ಇಳಿಕೆಯಾಗಿ ಕಂಡಿತು, ಊರೊಳಗೇ ಮಾತನಾಡುವವರಿಗೆ ಏರಿಕೆಯಾಗಿ ಕಂಡಿತು.

ಅದರ ನಂತರ ಕೆಲವು ಕಾಲ ಆಸರೆಗಳಿದ್ದವು. ಹಳ್ಳಿಯ ಲ್ಯಾಂಡ್‌ಲೈನಿನ ನಷ್ಟ ತುಂಬಲೆಂದು ಇತರ ಕಂಪನಿಗಳಿಂದ ಪಡೆಯುತ್ತಿದ್ದ ಶುಲ್ಕವೊಂದು 2003ರಿಂದ ಜಾರಿಯಲ್ಲಿದ್ದು 2008ರಲ್ಲಿ ನಿಂತಿತು. ಎಲ್ಲ ಕಂಪನಿಗಳ ಆದಾಯದ ಒಂದು ಪಾಲಿನಿಂದ ನಡೆಯುವ ಸಾರ್ವತ್ರಿಕ ಸೇವಾ ನಿಧಿ ಮಾತ್ರ ಉಳಿದಿದೆ; ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ.

ಮೊಬೈಲ್ ದರಗಳ ವಿಷಯ ಬೇರೆಯೇ. ಅವುಗಳನ್ನು ಟ್ರಾಯ್ ನಿಗದಿ ಮಾಡುವುದಿಲ್ಲ. ಕಂಪನಿ ತನಗೆ ತೋರಿದ ದರ ಇಟ್ಟು, ಆಮೇಲೆ ಏಳು ಕೆಲಸದ ದಿನಗಳೊಳಗೆ ವರದಿ ಮಾಡಿದರೆ ಸಾಕು. ಹತ್ತಕ್ಕಿಂತ ಹೆಚ್ಚು ಕಂಪನಿಗಳಿದ್ದಾಗ ಈ ಸಡಿಲಿಕೆಯಿಂದ ದರ ಇಳಿಯಿತು. 2012ರಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದುಪಡಿಸಿತು, 2016ರ ನಂತರದ ದರಸಮರದಲ್ಲಿ ಹಲವರು ಅಂಗಡಿ ಮುಚ್ಚಿದರು, 2018ರಲ್ಲಿ ಎರಡು ದೊಡ್ಡ ಕಂಪನಿಗಳು ಒಂದಾದವು. ಮೂರು ಖಾಸಗಿ ಕಂಪನಿಗಳು ಮತ್ತು ಬಿಎಸ್‌ಎನ್‌ಎಲ್ ಮಾತ್ರ ಉಳಿದ ಮೇಲೆ, 2019ರ ಡಿಸೆಂಬರ್, 2021ರ ಕೊನೆ, 2024ರ ಜುಲೈ ಹೀಗೆ ಮೂರು ಸಲ ದರ ಏರಿತು. ನಿಯಮ ಬದಲಾಗಲಿಲ್ಲ, ಆಟಗಾರರು ಕಡಿಮೆಯಾದರು. ತಡೆಯುವವರು ಯಾರು ಎಂದು ಕೇಳಿದಿರಿ. ದರದ ಮಟ್ಟಿಗೆ ಇವತ್ತು ಯಾರೂ ಇಲ್ಲ ಎಂದೇ ನಾನು ಹೇಳುತ್ತೇನೆ.

ಅಂಗಡಿಕಾರ, ಕುಮಟಾ:

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇಲಾಖೆಯ ಕಾಲ ಅಷ್ಟೇನೂ ಚಂದವಿರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾದರೂ ಫೋನ್ ಬರುತ್ತಿರಲಿಲ್ಲ. ಅಗ್ಗದ ಬಾಡಿಗೆಯ ಪ್ರಯೋಜನ ಫೋನ್ ಸಿಕ್ಕವರಿಗೆ ಮಾತ್ರ.

ಇನ್ನೊಂದು ಮಾತು. ಕಾಗದದ ಮೇಲೆ ನಾಲ್ಕು ಕಂಪನಿಗಳಿದ್ದರೂ ಘಟ್ಟದ ಕೊಳ್ಳದಲ್ಲಿ ಸಿಗ್ನಲ್ ಸಿಗುವುದು ಒಂದರದ್ದೇ ಆಗಿರುತ್ತದೆ. 2011ರ ಜನವರಿಯಿಂದ ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಬಂದಿದೆ. ಕುಮಟಾ ಪೇಟೆಯಲ್ಲಿರುವ ನನಗೆ ಅದು ಹಕ್ಕು, ತೋಟದ ತಗ್ಗಿನವರಿಗೆ ಅದು ಬರೀ ಕಾಗದ. ಪೋರ್ಟ್ ಮಾಡಿಸುವ ಮೊದಲು ಆ ಕಂಪನಿಯ ಸಿಮ್ ಇರುವ ಯಾರನ್ನಾದರೂ ಮನೆಗೆ ಕರೆದು, ಒಳಗೆ ಅಡುಗೆಮನೆಯಲ್ಲಿ ನಿಂತು ಮಾತನಾಡಿ ನೋಡಿ. ಜಗಲಿಯಲ್ಲಿ ಸಿಕ್ಕಿತೆಂದು ನಂಬಬೇಡಿ.

ಅರ್ಥಶಾಸ್ತ್ರ ಉಪನ್ಯಾಸಕಿ, ಹೊನ್ನಾವರ:

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲಿ ಎಟಿ ಅಂಡ್ ಟಿ ಎಂಬ ಏಕಸ್ವಾಮ್ಯ ಕಂಪನಿ 1984ರ ಜನವರಿ 1ರಂದು ಒಡೆದು, ಸ್ಥಳೀಯ ಸೇವೆ ಏಳು ಪ್ರಾದೇಶಿಕ ಕಂಪನಿಗಳ ಪಾಲಾಯಿತು. ದೂರದ ಕರೆಗಳಲ್ಲಿ ಪೈಪೋಟಿ ಇದ್ದುದರಿಂದ ಅಲ್ಲಿ ದರ ಇಳಿಯಿತು. ಸ್ಥಳೀಯ ಸೇವೆಯಲ್ಲಿ ಪೈಪೋಟಿ ಇರಲಿಲ್ಲವಾದ್ದರಿಂದ ಬಿಲ್ ಏರಿತು. ಕರೆ ಮಾಡಿದರೂ ಬಿಟ್ಟರೂ ಮನೆಯ ಪ್ರತಿ ಲೈನಿಗೆ ಕೊಡಬೇಕಾದ ಶುಲ್ಕವೊಂದು 1985ರಲ್ಲಿ ತಿಂಗಳಿಗೆ ಒಂದು ಡಾಲರಿನಿಂದ ಆರಂಭವಾಗಿ 1989ರ ಹೊತ್ತಿಗೆ ಮೂರೂವರೆ ಡಾಲರ್ ತಲುಪಿತು.

ಉಪಕರಣದ ಕತೆಯೂ ನಿಮ್ಮ ಎರಡನೆಯ ಪ್ರಶ್ನೆಗೆ ಹೊಂದುತ್ತದೆ. ಅಲ್ಲಿ ಫೋನ್ ಕಂಪನಿಯದ್ದೇ ಆಗಿದ್ದು ಗ್ರಾಹಕರು ಬಾಡಿಗೆ ಕೊಡುತ್ತಿದ್ದರು. 1968ರ ಕಾರ್ಟರ್‌ಫೋನ್ ತೀರ್ಪಿನ ನಂತರ ಬೇರೆಯವರು ತಯಾರಿಸಿದ ಸಾಧನವನ್ನು ಲೈನಿಗೆ ಜೋಡಿಸುವ ಅವಕಾಶ ಬಂತು. ಆದರೂ ಎಷ್ಟೋ ವೃದ್ಧರು, ಕೊಂಡರೆ ಅಗ್ಗವೆಂದು ತಿಳಿಯದೆ, ಒಂದೇ ಹಳೆಯ ಫೋನಿಗೆ ದಶಕಗಳ ಕಾಲ ಬಾಡಿಗೆ ಕಟ್ಟುತ್ತಲೇ ಇದ್ದರು. ಫೈಬರ್ ಪೆಟ್ಟಿಗೆಯ ಬಾಡಿಗೆಯನ್ನೂ ಹೀಗೆಯೇ ನೋಡಬೇಕು: ಎರಡು ವರ್ಷದ ಬಾಡಿಗೆ ಪೆಟ್ಟಿಗೆಯ ಬೆಲೆಯನ್ನು ಮೀರುವುದಾದರೆ ಕೊಳ್ಳುವುದೇ ಲೇಸು.

ನಿಮ್ಮ ತಂದೆತಾಯಿಯ ಸಿಮ್‌ಗಳಿಗೆ ದಾರಿಯಿದೆ. ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ಪ್ಯಾಕನ್ನು ಪ್ರತಿ ಕಂಪನಿಯೂ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಇಂಥ ವಿಶೇಷ ಪ್ಯಾಕುಗಳ ಅವಧಿಯ ಮಿತಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿದೆ. ಬೆಲೆಯನ್ನು ಮಾತ್ರ ಕಂಪನಿಗೇ ಬಿಟ್ಟಿದೆ, ಹಾಗಾಗಿ ಉಳಿತಾಯ ಬಹಳವೇನೂ ಆಗದಿರಬಹುದು. ಅಂಗಡಿಯವರು ತಾವಾಗಿ ಈ ಪ್ಯಾಕ್ ತೋರಿಸುವುದು ಅಪರೂಪ, ನೀವೇ ಕೇಳಬೇಕು.

ನಿವೃತ್ತ ದೂರವಾಣಿ ನೌಕರ, ಕಾರವಾರ:

ಕರೆಂಟಿನ ಪ್ರಶ್ನೆ ಉಳಿದಿತ್ತು. ತಾಮ್ರದ ಲೈನಿಗೆ 48 ವೋಲ್ಟ್ ವಿದ್ಯುತ್ ಎಕ್ಸ್‌ಚೇಂಜಿನ (ದೂರವಾಣಿ ಕೇಂದ್ರದ) ಬ್ಯಾಟರಿಯಿಂದಲೇ ಬರುತ್ತದೆ, ಆದ್ದರಿಂದ ಮನೆಯಲ್ಲಿ ದೀಪವಿಲ್ಲದಿದ್ದರೂ ಫೋನ್ ನಡೆಯುತ್ತದೆ. ನಮ್ಮ ನೆರೆಯ ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಆರಂಭವಾಯಿತು. ಹವಾನಿಯಂತ್ರಣವಿಲ್ಲದೆ ಧೂಳು ಸೆಕೆಗಳಲ್ಲೂ ಕೆಲಸ ಮಾಡುವಂತೆ ಅದನ್ನು ಕಟ್ಟಿದ್ದರು. ಅಂಥ ಯಂತ್ರಗಳ ಸುತ್ತ ಕೆಲಸ ಮಾಡಿದವನಿಗೆ ಇಂದಿನ ಪೆಟ್ಟಿಗೆಗಳ ಮೇಲೆ ಪೂರ್ತಿ ನಂಬಿಕೆ ಬರುವುದಿಲ್ಲ.

ಫೈಬರಿನಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತಲ್ಲ. ಮನೆಯ ಪೆಟ್ಟಿಗೆಗೆ ಇನ್ವರ್ಟರ್ ಅಥವಾ 12 ವೋಲ್ಟಿನ ಸಣ್ಣ ಯುಪಿಎಸ್ ಬೇಕೇ ಬೇಕು. ಅಷ್ಟಿದ್ದರೂ ಸಂಪರ್ಕ ಕೊಡುವವರ ಕಡೆಯ ಯಂತ್ರಕ್ಕೆ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಯುಪಿಎಸ್ ವ್ಯರ್ಥ. ಸಹಿ ಮಾಡುವ ಮೊದಲು ಅದನ್ನು ಕೇಳಿ. ಮರ ಬಿದ್ದು ತಂತಿ ತುಂಡಾದರೆ ತಾಮ್ರದ ಹಾಗೆ ಕೈಯಿಂದ ಹೊಸೆದು ಜೋಡಿಸಲಾಗದು, ಯಂತ್ರ ತಂದು ಬೆಸೆಯಬೇಕು. ಸಿಡಿಲಿನ ವಿಷಯದಲ್ಲಿ ಫೈಬರ್ ತಾಮ್ರಕ್ಕಿಂತ ಮೇಲು, ಆದರೆ ಪೆಟ್ಟಿಗೆಯ ಅಡಾಪ್ಟರನ್ನು ಗುಡುಗು ಶುರುವಾದಾಗ ಕಿತ್ತಿಡಿ.

ಇಷ್ಟಾದರೂ ನಿಮ್ಮ ತಗ್ಗಿಗೆ ನಾನು ಫೈಬರನ್ನೇ ಸೂಚಿಸುತ್ತೇನೆ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿದರೆ ಟವರ್ ಸಿಗದಿದ್ದರೂ ಮನೆಯೊಳಗೆ ಮಾತನಾಡಬಹುದು, ಹಳೆಯ ಫೋನನ್ನೂ ಪೆಟ್ಟಿಗೆಯ ಹಿಂದಿನ ಕಿಂಡಿಗೆ ಜೋಡಿಸಬಹುದು. ಒಂದು ಮಳೆಗಾಲ ಎರಡನ್ನೂ ಇಟ್ಟುಕೊಂಡು ನೋಡಿ. ಆಮೇಲೆ ಲ್ಯಾಂಡ್‌ಲೈನ್ ಬಿಡುವುದಾದರೆ ಠೇವಣಿ ವಾಪಸಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೆಯ ನಂಬರನ್ನೇ ಫೈಬರಿಗೆ ವರ್ಗಾಯಿಸಲು ಸಾಧ್ಯವೇ ಎಂಬುದನ್ನು ಅದಕ್ಕೂ ಮೊದಲೇ ವಿಚಾರಿಸಿ.